ಹನ್ನೊಂದು ಚಾಕು, ಒಂದು ಟಕ್!

"ಅಂಕಲ್, ಫೋನ್ ಕೊಡಿ."

ಚಾಕುವಿನ ಮೊನೆ ನನ್ನ ಹೊಟ್ಟೆಯ ಮೇಲಿತ್ತು. ಶರ್ಟಿನ ನಾಲ್ಕನೇ ಗುಂಡಿಯ ಪಕ್ಕದಲ್ಲೇ.

"ಕೊಡದೇ ಇದ್ರೆ?"

"ತಮಾಷೆ ಮಾಡ್ತಿಲ್ಲ ಅಂಕಲ್... ಕೊಡಿ!"

ಬೆಳಿಗ್ಗೆ ಹನ್ನೊಂದೂವರೆ. ಜಯನಗರದ ಒಂದು ಹಳೆಯ ಮನೆಯ ಮಹಡಿ ಕೋಣೆ. ಕೆಳಗೆ ಅಡುಗೆಮನೆಯಲ್ಲಿ ಮಿಕ್ಸಿ ಗರ್ ಎನ್ನುತ್ತಿತ್ತು. ನಾನು ಕೂಗಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಚಾಕು ಹಿಡಿದವನ ಹೆಸರು ಶ್ರೀಕರ್. ಮೂವತ್ತೆರಡು ವರ್ಷ, ದೊಡ್ಡ ಕಂಪನಿಯಲ್ಲಿ ಕೆಲಸ, ಕನ್ನಡಕ. ಬೆವರಿಗೆ ಜಾರುತ್ತಿದ್ದ ಅದನ್ನು ಭುಜದಿಂದ ಮೇಲೆ ತಳ್ಳಿಕೊಂಡ.

ನನಗೆ ಭಯವಾಗಲಿಲ್ಲ.

ಅದನ್ನು ಧೈರ್ಯ ಎಂದುಕೊಳ್ಳಬೇಡಿ. ನನ್ನ ಹೆಂಡತಿ ಮಧುಮತಿ ಹೋಗಿ ಎರಡು ವರ್ಷವಾಯಿತು. ಅವತ್ತಿನಿಂದ ನನಗೆ ಏನೂ ಆಗುವುದಿಲ್ಲ. ಅಳು ಬರಲಿಲ್ಲ. ಈಗ ಸಿಟ್ಟೂ ಬರುವುದಿಲ್ಲ. ಗಡಿಯಾರ ನೋಡಿ ಊಟ ಮಾಡುತ್ತೇನೆ. ಡಾಕ್ಟರು ನನ್ನ ಬಿಪಿ ನೋಡಿ ಶಭಾಷ್ ಎಂದರು!

ಈ ಕೋಣೆಗೆ ನಾನು ಹೇಗೆ ಬಂದೆ? ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಚಿಕ್ಕಬೈರಪ್ಪ. ಇಪ್ಪತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿದ್ದೆ, ಸಾಕು ಅನ್ನಿಸಿ ಬಿಟ್ಟೆ. ಈಗ ಬನಶಂಕರಿಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲೆ ನನ್ನ ಆಫೀಸು. ಬೋರ್ಡ್ ಇಲ್ಲ. ಕಷ್ಟದಲ್ಲಿರುವವರು ಬೋರ್ಡ್ ಇಲ್ಲದಿದ್ದರೂ ಹುಡುಕಿಕೊಂಡು ಬರುತ್ತಾರೆ.

ಅವತ್ತು ಬೆಳಿಗ್ಗೆ ಎಂಟಕ್ಕೆ ಒಬ್ಬಳು ಹುಡುಗಿ ಬಂದಳು. ಶೈಲಶ್ರೀ. ಬಾಗಲಕೋಟೆ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆ ಕೋಣೆ, ಅಲ್ಲೇ ಒಂದು ಆಫೀಸಿನಲ್ಲಿ ಕೆಲಸ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸರ್ರ, ನಮ್ಮಣ್ಣ ಇವತ್ತ ಮೂರು ಗಂಟೆಕ್ಕ ಜಡ್ಜ್ ಸಾಹೇಬ್ರ ಮುಂದ ‘ನಾನ ಕೊಂದೀನಿ’ ಅಂತ ಹೇಳ್ತಾನಂತ್ರಿ!"

"ಕೊಂದಿದ್ದಾನಾ?"

"ಇಲ್ರಿ!"

"ಮತ್ತೆ ಯಾಕೆ ಹೇಳ್ತಾನೆ?"

ಅವಳು ನೆಲ ನೋಡಿದಳು. "ನಿನ್ನೆ ಜೈಲಿಗೆ ಹೋಗಿ ನಾನೂ ಅದನ್ನ ಕೇಳಿದ್ನಿರಿ. ‘ಅಮ್ಮಾರು ಬಂದು ನನ್ನ ಮುಂದ ಕೈ ಮುಗದ್ರು ಶೈಲಾ, ನಾ ಏನ್ ಮಾಡ್ಲಿ?’ ಅಂದ. ಎಂಟು ವರ್ಷ ಅವರ ಮನಿ ಉಂಡಾನಂತ. ಅದಕ್ಕ ಜೀವ ಕೊಡ್ತಾನಂತ... ನಾವಿಬ್ಬರ ಇರೋದ್ರಿ. ಅಪ್ಪ ಅವ್ವ ಇಲ್ಲ. ಅವನೂ ಹೋದ್ರ ನಂಗ್ಯಾರದಾರ್ರಿ?"

ಅಣ್ಣನ ಹೆಸರು ಹಣಮಪ್ಪ. ಜಯನಗರದ ಆ ಮನೆಯ ಡ್ರೈವರ್. ಅಮ್ಮಾರು ಎಂದರೆ ಮನೆಯೊಡತಿ ಪಂಕಜಾ, ಶ್ರೀಕರನ ತಾಯಿ, ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ಸತ್ತವನು ಸುಮೇಧ, ಶ್ರೀಕರನ ಗೆಳೆಯ. ಮಹಾನವಮಿಯ ಸಂಜೆ ಐದಕ್ಕೆ ಗಿರಿನಗರದಲ್ಲಿ, ತನ್ನ ಮನೆಯ ರಸ್ತೆಯ ತಿರುವಿನಲ್ಲೇ ಚಾಕು ತಿಂದಿದ್ದ. ಅದಾಗಿ ಆರು ದಿನ.

ಅವಳ ಕಣ್ಣು ತುಂಬಿತ್ತು. ನನಗೆ ಮರುಕ ಬರಬೇಕಿತ್ತು, ಬರಲಿಲ್ಲ. ಆದರೆ ಗಡಿಯಾರ ನೋಡಿದೆ. ಮೂರಕ್ಕೆ ಇನ್ನು ಏಳು ಗಂಟೆ ಇತ್ತು. ಸ್ಕೂಟರ್ ಕೀ ತೆಗೆದುಕೊಂಡೆ.

ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರ್ ಶಾಂತವೀರಪ್ಪ ಸಿಕ್ಕ. ನಾವಿಬ್ಬರೂ ಒಂದೇ ವರ್ಷ ಇಲಾಖೆಗೆ ಸೇರಿದವರು. ಅವನು ಮೇಲೆ ಹೋದ, ನಾನು ಹೊರಗೆ ಹೋದೆ.

"ಬೈರಪ್ಪ, ಕೇಸ್ ಮುಗ್ದೋಯ್ತು. ಕಾಫಿ ಕುಡಿ, ಹೊರಡು."

"ಏನಿದೆ ನಿನ್ ಹತ್ರ?"

"ಎಲ್ಲಾ ಇದೆ. ಅವತ್ತು ಮಧ್ಯಾಹ್ನ ಸುಮೇಧ ಆ ಮನೆಗೆ ಹಬ್ಬದ ಊಟಕ್ಕೆ ಹೋಗಿದ್ದ. ಪಾರ್ಕಿಂಗ್ ವಿಷಯಕ್ಕೆ ಡ್ರೈವರ್‌ಗೆ ಎಲ್ಲರ ಮುಂದೆ ಬೈದಿದ್ದಾನೆ. ಸಂಜೆ ಆ ಮನೆ ಕಾರು ಗಿರಿನಗರದ ಕ್ಯಾಮೆರಾದಲ್ಲಿ ಬಿದ್ದಿದೆ. ಡ್ರೈವರ್ ಒಬ್ನೇ ಹೋಗಿದ್ದು, ಮಗ ಮನೇಲೇ ಇದ್ದ ಅಂತ ಪಂಕಜಾ ಮೇಡಂ ಹೇಳ್ತಾರೆ. ಡ್ರೈವರ್ ಇಲ್ಲ ಅಂತಾನೂ ಅನ್ನಲ್ಲ. ಕಾರಲ್ಲಿ ಚಾಕು ಸಿಕ್ತು, ಹಿಂದೆ ಯಾವಾಗ್ಲೋ ಶ್ರೀಕರ್ ಅವನಿಗೆ ಕೊಟ್ಟಿದ್ದಂತೆ. ಇನ್ನೇನ್ ಬೇಕು?"

"ಚಾಕು ತೋರ್ಸು."

ಅವನು ಗೊಣಗಿಕೊಂಡೇ ಗ್ಲೌಸ್ ಹಾಕಿ ಕವರ್ ಬಿಚ್ಚಿದ.

ಇಲ್ಲಿ ಒಂದು ಮಾತು. ನಮ್ಮಪ್ಪ ಸೈಕಲ್ ಮೇಲೆ ಸಾಣೆಕಲ್ಲು ಇಟ್ಟುಕೊಂಡು ಬಸವನಗುಡಿಯ ಮನೆಮನೆಯ ಈಳಿಗೆ ಹರಿತ ಮಾಡಿ ನನ್ನನ್ನು ಓದಿಸಿದ. ಅಲಗಿನ ವಿಷಯ ನನಗೆ ಯಾರೂ ಕಲಿಸಬೇಕಿಲ್ಲ. ಇದು ಮಡಚುವ ಚಾಕು. ಹುಡುಗರು ಫ್ಲಿಪ್ಪರ್ ಎನ್ನುತ್ತಾರೆ. ಮಡಚಿದಾಗ ಹಿಡಿಯ ಬೆನ್ನಿನ ಮೇಲೆ ಅಲಗಿನದೇ ಒಂದು ಪುಟ್ಟ ಕಿವಿ ಎದ್ದು ನಿಂತಿರುತ್ತದೆ. ತೋರುಬೆರಳಿನಿಂದ ಅದನ್ನು ಒತ್ತಿದರೆ ಅಲಗು ಒಂದೇ ಏಟಿಗೆ ಹೊರಬಂದು ಲಾಕ್ ಆಗಬೇಕು. ಕೀಲಿನೊಳಗೆ ಸಾಸಿವೆಯಷ್ಟು ಸಣ್ಣ ಗುಂಡುಗಳ ಬೇರಿಂಗ್. ಎಲ್ಲ ಅದರ ಆಟ.

"ಒತ್ತು," ಎಂದೆ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿದೆ.

ಶಾಂತವೀರಪ್ಪ ಒತ್ತಿದ. ಕರ್ರ್... ಅಲಗು ಅರ್ಧ ಬಂದು ನಿಂತಿತು. ಮತ್ತೆ ಒತ್ತಿದ. ಮತ್ತೆ ಅರ್ಧ! ಕೀಲಿನಿಂದ ಕೆಂಪು ಪುಡಿ ಮೇಜಿನ ಮೇಲೆ ಉದುರಿತು.

"ಕುಂಕುಮ ಕಣೋ," ಎಂದ. "ಆಯುಧಪೂಜೆ ದಿನ ಕಾರಿನ ಜೊತೆ ಇದಕ್ಕೂ ಇಟ್ಟವ್ರೆ. ನಮ್ ರೈಫಲ್‌ಗಳಿಗೂ ಇಟ್ಟಿದ್ದೀವಪ್ಪ."

"ರಕ್ತ?"

"ಇಲ್ಲ. ತೊಳ್ದಿದ್ದಾನೆ."

"ತೊಳ್ದಿದ್ರೆ ಒಳಗಿನ ಕುಂಕುಮ ಹೆಂಗ್ ಉಳೀತು?"

ಅವನು ಚಾಕುವನ್ನು ಬೆಳಕಿಗೆ ಹಿಡಿದು ಕೀಲು ನೋಡಿದ.

"ಪೂಜೆ ಬೆಳಿಗ್ಗೆ. ಕೊಲೆ ಸಂಜೆ. ಬೆಳಿಗ್ಗೆಯಿಂದ ಇದು ತೆರ್ದೇ ಇಲ್ಲ ಶಾಂತ!"

"ಜಡ್ಜ್ ಮುಂದೆ ಅವನೇ ಒಪ್ಕೊಂಡ್ರೆ ನಾನೇನ್ ಮಾಡ್ಲಿ? ಬೇರೆ ಚಾಕು ತಂದ್ ಕೊಡು, ನೋಡ್ತೀನಿ."

"ಸತ್ತವನ ಫೋನ್?"

ಅದನ್ನೂ ತೋರಿಸಿದ. ಸುಮೇಧನಿಗೂ ಶ್ರೀಕರನಿಗೂ ಇದೇ ಚಾಕುವಿನ ಹುಚ್ಚು. ಒಂದು ವಾಟ್ಸಾಪ್ ಗ್ರೂಪು, ನಾನೂರ ಹನ್ನೆರಡು ಜನ. ಯಾರ ಚಾಕು ಹೇಗೆ ತೆರೆಯುತ್ತದೆ ಎಂದು ಹೋಲಿಸಿ ನೋಡುವುದೇ ಅವರ ಕೆಲಸ. ಸುಮೇಧನ ಕೊನೆಯ ವಿಡಿಯೊ ಮಹಾನವಮಿಯ ಮಧ್ಯಾಹ್ನ ಎರಡೂಕಾಲಿನದು. ಎಡಗೈಯಲ್ಲಿ ಅವನ ಚಾಕು. ಬಲಗೈಯಲ್ಲಿ ಅದೇ ಮಾಡೆಲ್, ನೀಲಿ ಪಟ್ಟಿಯದು, ಶ್ರೀಕರನದು. ಎಡಗೈಯದು ಟಕ್ ಎಂದಿತು. ಬಲಗೈಯದು ಕರ್ರ್... ಎಂದು ಅರ್ಧಕ್ಕೆ ನಿಂತಿತು. ಕೀಲಿನ ಸುತ್ತ ಕೆಂಪಗಿತ್ತು.

"ನೋಡ್ರಪ್ಪಾ ಶ್ರೀಕರ್ ಸಾಹೇಬ್ರ ಒರಿಜಿನಲ್ ಪೀಸು! ಗುರೂ, ಪಕ್ಕಾ ಡೂಪ್ಲಿಕೇಟ್!"

ಕೆಳಗೆ ನಗುವ ಮುಖಗಳ ಸಾಲು. ಬೆರಳಿಟ್ಟು ತಳ್ಳಿದಷ್ಟೂ ಮುಗಿಯಲಿಲ್ಲ.

"ಮಕ್ಕಳಾಟ," ಎಂದ ಶಾಂತವೀರಪ್ಪ. ನಾನು ಆ ವಿಡಿಯೊ ನನ್ನ ಫೋನಿಗೆ ಹಾಕಿಸಿಕೊಂಡೆ.

ಅಲ್ಲಿಂದ ಗಿರಿನಗರ. ಕೊಲೆ ನಡೆದ ತಿರುವಿನಲ್ಲಿ ಒಬ್ಬಾಕೆ ಎಳನೀರು ಮಾರುತ್ತಾಳೆ. ಪೊಲೀಸರಿಗಿದ್ದ ಒಂದೇ ಸಾಕ್ಷಿ ಅವಳು. ನೋಡಿದ್ದು ಬೆನ್ನು ಮಾತ್ರ. ಬಿಳಿ ಶರ್ಟು. ಹಬ್ಬದ ದಿನ ಊರಿಗೆ ಊರೇ ಬಿಳಿ ಶರ್ಟು ಹಾಕಿರುತ್ತದೆ.

"ಚಾಕು ಓಪನ್ ಆಗಿದ್ದು ಕೇಳಿಸ್ತಾ ಅಕ್ಕ?"

"ಕೇಳಿಸ್ದೆ ಏನಣ್ಣ? ಮೂರು ಮಾರು ದೂರ!"

ಸ್ಟೇಷನ್ನಿನ ರೆಕಾರ್ಡಿಂಗ್ ಹಾಕಿದೆ. ಕರ್ರ್...

ಅವಳು ಮಚ್ಚು ಕೆಳಗಿಟ್ಟಳು. "ಇದಲ್ಲ ಬುಡಿ! ಇದು ತುಕ್ಕು ಹಿಡ್ದಿರೋ ಗೇಟು ತೆಗ್ದಂಗೈತೆ. ಅವತ್ತು ಟಕ್ ಅಂತು, ಅಷ್ಟೇ. ಒಂದೇ ಸಲ. ನಾನು ಲೈಟ್ರು ಅಂದ್ಕಂಡೆ. ಯಾರೋ ಸಿಗರೇಟ್ ಹಚ್ತಾವ್ರೆ ಅಂತ ತಿರ್ಗೂ ನೋಡ್ಲಿಲ್ಲ... ನೋಡಿದ್ರೆ ಆ ಹುಡ್ಗ ಬದುಕ್ತಿದ್ನೇನೋ."

ಅವಳು ಕಣ್ಣೊರೆಸಿಕೊಂಡು ನನಗೆ ಒಂದು ಎಳನೀರು ಕೆತ್ತಿ ಕೊಟ್ಟಳು. ಕುಡಿದೆ. ಸಿಹಿ ಇದೆಯಾ ಎಂದು ಕೇಳಿದಳು, ಇದೆ ಎಂದೆ. ನಿಜ ಹೇಳಬೇಕೆಂದರೆ ಗೊತ್ತಾಗಲಿಲ್ಲ.

ಹನ್ನೊಂದಕ್ಕೆ ಜಯನಗರ.

ಪಂಕಜಾ ಮೇಡಂ ಬಾಗಿಲು ತೆರೆದರು. ಅರವತ್ತೈದರ ಸಣ್ಣ ದೇಹ, ನೆಟ್ಟಗಿನ ಬೆನ್ನು. ಸ್ಟೇಷನ್ ಕಡೆಯಿಂದ ಬಂದೆ ಎಂದೆ. ಅರ್ಧ ಸುಳ್ಳು.

"ಪೇಪರ್ ಕ್ಲೋಸ್ ಮಾಡೋಕೆ ಒಂದ್ಸಲ ನಿಮ್ಮ ಮಗನ ಚಾಕುಗಳನ್ನ ನೋಡ್ಬೇಕಿತ್ತು ಮೇಡಂ."

"ಇನ್‌ಸ್ಪೆಕ್ಟರ್ ಬಂದು ನೋಡ್ಕೊಂಡು ಹೋದ್ರಲ್ಲಾ? ಪೂಜೆ ಮಾಡಿದ್ದು ಮಾಡಿದ ಹಾಗೇ ಇದೆ. ನಮ್ಮಲ್ಲಿ ಕುಂಕುಮ ಒರೆಸೋ ಪದ್ಧತಿ ಇಲ್ಲ, ತಾನಾಗೇ ಹೋಗ್ಬೇಕು. ಮೇಲೆ ಬನ್ನಿ, ನಾನು ಕಾಫಿ ತರ್ತೀನಿ."

ಕೋಣೆಯಲ್ಲಿ ಉದ್ದ ಮೇಜು, ಕರಿ ಬಟ್ಟೆ, ಅದರ ಮೇಲೆ ಹನ್ನೊಂದು ಚಾಕು. ಒಂದೊಂದಕ್ಕೂ ಅರಿಶಿನ, ಕುಂಕುಮ, ಬಾಡಿದ ಸೇವಂತಿಗೆಯ ಎಸಳು. ನೋಡಿದರೆ ಹನ್ನೊಂದೂ ಒಂದೇ. ಪೊಲೀಸರು ಕಣ್ಣಿನಿಂದ ನೋಡಿ ಹೋಗಿದ್ದರು.

ಶ್ರೀಕರ್ ಗೋಡೆಗೆ ಒರಗಿ ನಿಂತಿದ್ದ. ನಾಲ್ಕು ದಿನದ ಗಡ್ಡ. ನಾನು ಫೋನು ಮೇಜಿನ ಮೇಲೆ ಅಡಿಮೇಲಾಗಿ ಇಟ್ಟೆ. ರೆಕಾರ್ಡಿಂಗ್ ಓಡುತ್ತಿತ್ತು.

"ಇದ್ರಲ್ಲಿ ಯಾವ್ದು ಚೆನ್ನಾಗಿ ಓಪನ್ ಆಗತ್ತಪ್ಪ?"

ಹುಚ್ಚು ಇರುವವನ ಬಾಯಿ ಬಿಡಿಸುವುದು ಸುಲಭ. ಅವನ ಹುಚ್ಚಿನ ಬಗ್ಗೆ ಕೇಳಿದರಾಯಿತು.

"ಚೆನ್ನಾಗಿ ಅಂದ್ರೆ... ಆಕ್ಷನ್ ಅಂತೀವಿ ಅಂಕಲ್. ಬೆರಳು ಎಷ್ಟು ಒತ್ತಬೇಕು, ಯಾವ ಪಾಯಿಂಟಲ್ಲಿ ಬಿಡತ್ತೆ, ಬಿಟ್ಮೇಲೆ ಎಷ್ಟು ಫ್ರೀ ಆಗಿ ಬರತ್ತೆ... ಈ ಮೊದಲನೇದು ಹಿತ್ತಾಳೆ ವಾಷರ್. ನಿಧಾನ, ಬಟ್ ಸಖತ್ ಸ್ಮೂತ್. ಆ ಮೂರನೇದು ಬೇರಿಂಗ್, ಬುಲೆಟ್ ಥರ ಬರತ್ತೆ."

"ನೋಡ್ಲಾ?"

ಅವನು ತಡೆಯುವ ಮೊದಲೇ ಒಂದನೆಯದನ್ನು ಒತ್ತಿದೆ. ಒಳಗೆ ಮರಳು ತುಂಬಿದಂತೆ ಉಜ್ಜಿಕೊಂಡು ಮುಕ್ಕಾಲಕ್ಕೆ ನಿಂತಿತು. ಎರಡನೆಯದು ಕಾಲುಭಾಗ. ಬುಲೆಟ್ ಎಂದಿದ್ದ ಮೂರನೆಯದು ಕರ್ರ್ ಎಂದು ಅರ್ಧ. ಬೇರಿಂಗ್ ಇದ್ದಷ್ಟೂ ಕೆಟ್ಟದಾಗಿ ಹಿಡಿಯುತ್ತಿತ್ತು. ಎಣ್ಣೆಗೆ ಕುಂಕುಮ ಸೇರಿದರೆ ಗಾರೆ ಆಗುತ್ತದೆ, ಸಣ್ಣ ಗುಂಡುಗಳು ತಿರುಗುವುದಿಲ್ಲ. ನಾಲ್ಕು, ಐದು, ಆರು... ಎಲ್ಲವೂ ಅದೇ ಸಂಕಟ.

"ಅಮ್ಮ ಕೀಲಿಗೇ ಇಡ್ತಾರೆ," ಅವನ ದನಿ ಸಣ್ಣಗಾಯಿತು. "ಎಷ್ಟ್ ಹೇಳಿದ್ರೂ ಕೇಳಲ್ಲ. ಸಾಕು ಬಿಡಿ ಅಂಕಲ್..."

ಏಳನೆಯದಕ್ಕೆ ಹಿಡಿಯ ಮೇಲೆ ನೀಲಿ ಪಟ್ಟಿ. ಮೇಲೆ ದುಂಡನೆಯ ಕುಂಕುಮ. ಉಳಿದವಕ್ಕಿಂತ ಕೆಂಪಗೆ, ಒಣಗಿ ನಿಂತಿತ್ತು.

ಒತ್ತಿದೆ.

ಟಕ್!

ಬೆರಳು ಎತ್ತುವುದರೊಳಗೆ ಅಲಗು ಹೊರಗಿತ್ತು. ಮಡಚಿದೆ, ಮತ್ತೆ ಒತ್ತಿದೆ. ಟಕ್! ನೀರಿನಂತೆ ಬಂತು. ಮಹಾನವಮಿಯ ಎರಡೂಕಾಲಿಗೆ ನಾನೂರ ಹನ್ನೆರಡು ಜನರ ಮುಂದೆ ಅರ್ಧಕ್ಕೆ ನಿಂತಿದ್ದ ಚಾಕು ಇದು.

"ಇದನ್ನ ಮಾತ್ರ ಬಿಚ್ಚಿ ತೊಳ್ದಿದ್ದೀಯಾ," ಎಂದೆ.

ಕೆಳಗೆ ಮಿಕ್ಸಿ ಶುರುವಾಯಿತು.

ನಾನು ಚಾಕು ಮೇಜಿಗಿಟ್ಟು, ರೆಕಾರ್ಡಿಂಗ್ ಅವನಿಗೆ ಕಾಣುವಂತೆ ಫೋನು ಎತ್ತಿಕೊಂಡದ್ದು ತಪ್ಪು. ಅವನು ಆ ಚಾಕುವನ್ನೇ ಎತ್ತಿಕೊಂಡ. ಟಕ್! ಮೊನೆ ನನ್ನ ಹೊಟ್ಟೆಗೆ ಬಂತು. ಕತೆ ಶುರು ಮಾಡಿದ್ದು ಇಲ್ಲಿಂದಲೇ ಅಲ್ಲವೇ?

"ಫೋನ್ ಕೊಡಿ ಅಂಕಲ್... ಪ್ಲೀಸ್!"

"ಯಾಕಪ್ಪ ಕೊಂದೆ?"

ಅವನ ಕಣ್ಣು ಒದ್ದೆಯಾಯಿತು. "ಕೊಲ್ಲೋಕೆ ಹೋಗಿರ್ಲಿಲ್ಲ! ಡೂಪ್ಲಿಕೇಟ್ ಅಂದ. ಎಲ್ಲರೂ ನಕ್ಕರು. ನಾನು ಇಡೀ ಚಾಕು ಬಿಚ್ಚಿ, ಒಂದೊಂದೇ ಗುಂಡು ತೊಳ್ದು, ಮತ್ತೆ ಕೂರಿಸಿ ತಗೊಂಡೋದೆ. ಹಣಮಪ್ಪ ಕಾರಲ್ಲಿದ್ದ. ನೋಡೋ ಈಗ, ಅಂತ ಓಪನ್ ಮಾಡಿ ತೋರಿಸ್ದೆ. ಪರ್ಫೆಕ್ಟ್ ಆಗಿ ಬಂತು! ವಿಡಿಯೊ ಡಿಲೀಟ್ ಮಾಡು ಅಂದೆ. ಅವ್ನು... ‘ಬಿಡೋ ಮಗಾ, ಯಾರು ನಂಬ್ತಾರೆ’ ಅಂತ ನಕ್ಕ. ಚಾಕು ಕೈಯಲ್ಲೇ ಇತ್ತು ಅಂಕಲ್..."

ಅಷ್ಟೇ. ಒಂದು ಚಿಟಿಕೆ ಕುಂಕುಮ, ಒಂದು ನಗು, ಒಂದು ಹೆಣ. ಇಪ್ಪತ್ತೆರಡು ವರ್ಷದಲ್ಲಿ ಇದಕ್ಕಿಂತ ಸಣ್ಣ ಕಾರಣಗಳನ್ನೂ ನೋಡಿದ್ದೇನೆ.

ಮಿಕ್ಸಿ ನಿಂತಿತು. ಅವನ ಕಣ್ಣು ಒಂದು ಗಳಿಗೆ ಬಾಗಿಲ ಕಡೆ ಹೋಯಿತು.

ಮೇಜನ್ನು ಅವನ ಮೇಲೆ ನೂಕಿದೆ!

ಚಾಕುಗಳು ಚೆಲ್ಲಾಪಿಲ್ಲಿ. ಅವನು ಬೀಳುತ್ತಾ ಕೈ ಬೀಸಿದ. ನನ್ನ ಶರ್ಟು ಅಡ್ಡಕ್ಕೆ ಹರಿಯಿತು. ಅವನ ಮಣಿಕಟ್ಟಿನ ಮೇಲೆ ಬೂಟುಗಾಲು ಇಟ್ಟೆ. ನೀಲಿ ಪಟ್ಟಿಯದು ಅವನ ಕೈಯಿಂದ ಜಾರಿತು. ಕರ್ಚೀಫಿನಲ್ಲಿ ಸುತ್ತಿಕೊಂಡು, ಫೋನೂ ಬಿಡದೆ ಓಡಿದೆ.

ಹೊರಮೆಟ್ಟಿಲು. ಗೇಟು. ನನ್ನ ಸ್ಕೂಟರ್ ಅಲ್ಲೇ ಇತ್ತು. ಆದರೆ ಕೀ ಹಾಕಿ ಸ್ಟಾರ್ಟ್ ಮಾಡುವಷ್ಟು ಹೊತ್ತಿರಲಿಲ್ಲ. ಹಿಂದೆ ಚಪ್ಪಲಿಯ ಪಟಪಟ ಸದ್ದು!

"ನಿಂತ್ಕೊಳ್ಳಿ! ಅದು ನಂದು... ಕೊಡಿ!"

ಐವತ್ತೊಂದು ವರ್ಷಕ್ಕೆ ಓಡುವುದು ಏನೂ ಮರ್ಯಾದೆಯ ಕೆಲಸವಲ್ಲ. ಸಾಲಾಗಿ ನಿಂತ ಕಾರುಗಳ ನಡುವೆ ನುಸುಳಿದೆ. ಎಡಕ್ಕೆ ತಿರುಗಿದೆ. ಒಂದು ಡೆಲಿವರಿ ಸ್ಕೂಟರಿಗೆ ಗುದ್ದಿ ಎದ್ದೆ. "ಅಂಕಲ್, ಕಣ್ಣಿಲ್ವಾ?" ಎಂದ ಅವನು. ಮತ್ತೆ ಎಡಕ್ಕೆ. ಪಾರ್ಕಿನ ಬೆಂಚಿನಲ್ಲಿದ್ದ ಮೂವರು ಹಿರಿಯರು ಪೇಪರ್ ಕೆಳಗಿಳಿಸಿ ನೋಡಿ, ಮತ್ತೆ ಮೇಲೆತ್ತಿಕೊಂಡರು. ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ... ಒಂದು ಸುತ್ತು ಹಾಕಿ ಅದೇ ಗೇಟಿನ ಮುಂದೆ ಬಂದು ನಿಂತಿದ್ದೆ! ಉಸಿರು ಮುಗಿದಿತ್ತು.

ಶ್ರೀಕರ್ ಎರಡು ಹೆಜ್ಜೆ ದೂರದಲ್ಲಿ ನಿಂತ. ಕೈಯಲ್ಲಿ ನೆಲದಿಂದ ಬಾಚಿಕೊಂಡು ಬಂದಿದ್ದ ಇನ್ನೊಂದು ಚಾಕು. ಬೆರಳು ಕಿವಿಯ ಮೇಲಿತ್ತು.

"ಸಾರಿ ಅಂಕಲ್," ಎಂದ. ಒತ್ತಿದ.

ಕರ್ರ್...

ಅಲಗು ಮುಕ್ಕಾಲು ಬಂದು ನಿಂತಿತು. ಲಾಕ್ ಬೀಳಲಿಲ್ಲ. ಅವನಿಗೆ ಅದು ಗೊತ್ತಾಗಬೇಕಿತ್ತು. ಊರಿಗೆಲ್ಲ ಚಾಕುವಿನ ಪಾಠ ಹೇಳುವವನು ಅವನು! ಆದರೆ ಭಯದಲ್ಲಿ ಹಾಗೇ ನನ್ನ ಕಡೆ ತಿವಿದ. ಮೊನೆ ನನ್ನ ಬೆಲ್ಟಿಗೆ ತಾಗಿತು. ಲಾಕ್ ಇಲ್ಲದ ಅಲಗು ಹಿಂದಕ್ಕೆ ಮಡಚಿಕೊಂಡು ಅವನದೇ ನಾಲ್ಕು ಬೆರಳ ಮೇಲೆ ಮುಚ್ಚಿತು.

ಅವನು ಕಿರುಚಿ ಅಲ್ಲೇ ಫುಟ್‌ಪಾತಿನ ಮೇಲೆ ಕುಕ್ಕರಿಸಿದ.

ಪಂಕಜಾ ಮೇಡಂ ಬರಿಗಾಲಲ್ಲಿ ಓಡಿ ಬಂದರು. ಒಂದು ನೋಟ ನೋಡಿದರು. ಒಳಗೆ ಹೋಗಿ ಅರಿಶಿನದ ಡಬ್ಬ ತಂದರು. ಮಗನ ಬೆರಳಿಗೆ ಹಿಡಿಹಿಡಿಯಾಗಿ ಒತ್ತಿ, ಸೆರಗಿನಿಂದ ಬಿಗಿಯಾಗಿ ಹಿಡಿದುಕೊಂಡು ಪಕ್ಕದಲ್ಲೇ ಕೂತರು.

"ಯಾವುದ್ರಿಂದ ಗೊತ್ತಾಯ್ತು?" ತಲೆ ಎತ್ತದೆ ಕೇಳಿದರು.

"ಏಳನೇದು ಸಲೀಸಾಗಿ ತೆರೀತು ಮೇಡಂ."

ಅವರು ಸೆರಗನ್ನು ಇನ್ನೊಂದು ಸುತ್ತು ಬಿಗಿದರು. "ರಾತ್ರಿ ತೊಳೆದು ತಂದಿಟ್ಟ. ಹತ್ತು ಚಾಕುಗೆ ಕುಂಕುಮ ಇದೆ, ಒಂದಕ್ಕಿಲ್ಲ. ಪೊಲೀಸರು ಬಂದ್ರೆ ಅಂತ ಮತ್ತೆ ನಾನೇ ಇಟ್ಟೆ. ಕೀಲಿಗೆ ಇಡಲಿಲ್ಲ. ಅದಕ್ಕೇ ಅಲ್ವಾ ಇಷ್ಟೆಲ್ಲಾ ಆಗಿದ್ದು, ಚಾಕು ಹಾಳಾಗತ್ತೆ ಅಂತ ಅವನು ಬಡ್ಕೊಂಡಿದ್ದು... ಈ ಸಲನಾದ್ರೂ ಅವನ ಮಾತು ಕೇಳೋಣ ಅಂದ್ಕೊಂಡೆ."

ಆಗಲೇ ಕೆಳಗೆ ನೋಡಿಕೊಂಡೆ. ನನ್ನ ಶರ್ಟು ಸೊಂಟದವರೆಗೆ ಕೆಂಪಾಗಿತ್ತು. ಮೇಡಂ ಡಬ್ಬ ನನ್ನ ಕಡೆ ಚಾಚಿದರು. ನಾನೂ ಒಂದು ಹಿಡಿ ಒತ್ತಿಕೊಂಡೆ. ಉರಿಯಬೇಕಿತ್ತು. ಉರಿಯಲಿಲ್ಲ.

ಶಾಂತವೀರಪ್ಪನಿಗೆ ಫೋನ್ ಮಾಡಿದೆ.

ಮೂರಕ್ಕೆ ಹತ್ತು ನಿಮಿಷವಿದ್ದಾಗ ನಾವು ಕೋರ್ಟು ತಲುಪಿದೆವು. ಹಣಮಪ್ಪನನ್ನು ಕಾರಿಡಾರಿನಲ್ಲಿ ಕೂರಿಸಿದ್ದರು. ದೊಡ್ಡ ಆಳು, ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಶೈಲಶ್ರೀ ಅವನ ಕಾಲ ಬಳಿ ನೆಲದ ಮೇಲಿದ್ದಳು.

"ನೀನು ಒಳಗೆ ಹೋಗ್ಬೇಕಾಗಿಲ್ಲ," ಎಂದ ಶಾಂತವೀರಪ್ಪ. "ಶ್ರೀಕರ್ ಒಪ್ಕೊಂಡ."

ಶೈಲಶ್ರೀ ಅಣ್ಣನ ಮೊಣಕಾಲಿಗೆ ಹಣೆ ಹಚ್ಚಿ ಗೊಳೋ ಎಂದು ಅತ್ತಳು. ಹಣಮಪ್ಪ ನನ್ನನ್ನೇ ನೋಡಿದ. ಆ ನೋಟದಲ್ಲಿ ಉಪಕಾರದ ಸುಳಿವೂ ಇರಲಿಲ್ಲ.

"ಯಾರ್ರೀ ನೀವು?" ಎಂದ. "ನಾ ಅಮ್ಮಾರಿಗೆ ಮಾತು ಕೊಟ್ಟಿದ್ದೆ."

"ನಿನ್ನ ತಂಗಿ ಬಂದಿದ್ಲು."

"ಅಕಿ ಸಣ್ಣಾಕಿ. ಅಕಿಗೇನ್ ತಿಳೀತೈತಿ? ನೀವರ ತಿಳದಾವ್ರು..." ಎಂದು ಮುಖ ತಿರುಗಿಸಿಕೊಂಡ.

ಚಾಕು ಲ್ಯಾಬಿಗೆ ಹೋಯಿತು. ಹಿಡಿಯ ಒಳಪಟ್ಟಿಯ ಕೆಳಗೆ ತೊಳೆದರೂ ಹೋಗದ ರಕ್ತ ಸಿಕ್ಕಿತು, ಸುಮೇಧನದೇ. ಕಾಗದ ಪತ್ರ ಮುಗಿದು ಹಣಮಪ್ಪ ಹೊರಬರುವಷ್ಟರಲ್ಲಿ ಇಪ್ಪತ್ತು ದಿನ ಆಗಿತ್ತು. ನನಗೆ ಒಂಬತ್ತು ಹೊಲಿಗೆ. ಡಾಕ್ಟರು ಮತ್ತೆ ಬಿಪಿ ನೋಡಿ ಮತ್ತೆ ಖುಷಿಪಟ್ಟರು.

ದೀಪಾವಳಿ ಕಳೆದ ಮೇಲೆ ಒಂದು ದಿನ ಶೈಲಶ್ರೀ ಫೋನ್ ಮಾಡಿದಳು. ಅಣ್ಣ ಮತ್ತೆ ಅದೇ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಾನಂತೆ. ಅವಳು ಅತ್ತಳು, ಬೈದಳು, ಮಾತು ಬಿಟ್ಟಳು. ಅವನು ಕೇಳಲಿಲ್ಲ. ಅಮ್ಮಾರಿಗೆ ಯಾರದಾರ, ಗಾಡಿ ಯಾರ್ ಹೊಡೀಬೇಕು, ಎಂದನಂತೆ.

ಈಗ ವಾರಕ್ಕೊಂದು ಸಲ ಪಂಕಜಾ ಮೇಡಮ್ಮನ್ನು ಜೈಲಿಗೆ ಕರೆದುಕೊಂಡು ಹೋಗುವವನು ಅವನೇ. ಮಗನಿಗೆ ಏನು ಒಯ್ಯಬಹುದು, ಯಾವ ಕಿಟಕಿಯಲ್ಲಿ ಚೀಟಿ ಬರೆಸಬೇಕು, ಎಷ್ಟು ಹೊತ್ತಿಗೆ ಬಿಡುತ್ತಾರೆ... ಮೇಡಂ ಯಾರನ್ನೂ ಕೇಳಬೇಕಾಗಿಲ್ಲವಂತೆ.

ಡ್ರೈವರ್ ಒಳಗೆ ಇಪ್ಪತ್ತು ದಿನ ಇದ್ದು ಬಂದವನಲ್ಲವೇ!